ದೋಷಗಳ ಪುಸ್ತಕಕ್ಕೆ ಬೈಂಡ್ ಹಾಕಿದ್ದು

ಶಿಸ್ತಾಗಿ ಬದುಕುವವರ ಸುತ್ತಲೇ ನಗೆಪಾಟಲಿನ ಸಂಗತಿಗಳು ಹೆಚ್ಚು ನಡೆಯುತ್ತವೆ, ಬಿಳಿ ಸೀರೆ ಉಟ್ಟ ದಿನವೇ ಪಕ್ಕದ ಎಲೆಗೆ ಸಾರು ಬಡಿಸುವವನ ಕೈ ನಡುಗುವ ಹಾಗೆ. ನಾನು ಯಾರನ್ನೂ ನಗಿಸಲು ಹೊರಟವಳಲ್ಲ. ಕಾನ್ವೆಂಟಿನಲ್ಲಿ ಓದಿ, ಅದೇ ಕಾನ್ವೆಂಟಿನಲ್ಲಿ ಇಪ್ಪತ್ತೆರಡು ವರ್ಷ ಇಂಗ್ಲಿಷ್ ಪಾಠ ಹೇಳಿದವಳು. ಆ ಇಪ್ಪತ್ತೆರಡು ವರ್ಷದ ಹಾಜರಿ ಪುಸ್ತಕಗಳಲ್ಲಿ ನನ್ನ ಹೆಸರಿನ ಮುಂದೆ ತಡವಾಗಿ ಬಂದದ್ದಕ್ಕೆ ಒಂದೇ ಒಂದು ಕೆಂಪು ಗುರುತು ಸಿಗುವುದಿಲ್ಲ. ಬೇಕಾದವರು ಹೋಗಿ ನೋಡಬಹುದು.

ಹೊಸದಾಗಿ ಬಂದ ಹೆಡ್‌ಮಿಸ್ಟ್ರೆಸ್ ನನ್ನನ್ನು ಹತ್ತನೇ ತರಗತಿಯಿಂದ ತೆಗೆದು ಲೈಬ್ರರಿಗೆ ಹಾಕಿದ ದಿನ ನಾನು ರಾಜೀನಾಮೆ ಬರೆದುಕೊಟ್ಟೆ. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ, "ನಾನು ಕಂಪ್ಯೂಟರ್ ಲೈನಿಗೆ ಹೋಗುತ್ತಿದ್ದೇನೆ" ಎಂದೂ ಹೇಳಿಬಿಟ್ಟೆ. ಅಲ್ಲಿಯವರೆಗೆ ನಾನು ಕಂಪ್ಯೂಟರನ್ನು ಬ್ಯಾಂಕಿನ ಕೌಂಟರಿನ ಈಚೆಯಿಂದ ಮಾತ್ರ ನೋಡಿದ್ದೆ, ಅದೂ ಅದರ ಬೆನ್ನನ್ನು.

ಸೆಲ್‌ಫೋನು ಇನ್ನೂ ಎಲ್ಲರ ಜೇಬಿಗೆ ಬಂದಿರದ ಕಾಲ. ಜಯನಗರದಲ್ಲಿ ಒಂದು ಮಿಕ್ಸಿ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಹದಿನಾಲ್ಕು ಜನರ ಸಾಫ್ಟ್‌ವೇರ್ ಕಂಪನಿಯೊಂದಿತ್ತು. ಅದರ ಮಾಲೀಕರು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ. ಹೊರದೇಶದ ಗಿರಾಕಿಯೊಬ್ಬರು, ಗುಣಮಟ್ಟದ ಸರ್ಟಿಫಿಕೇಟ್ ಇದ್ದರೆ ಮಾತ್ರ ಕೆಲಸ ಕೊಡುತ್ತೇವೆ ಎಂದು ಅವರಿಗೆ ಬರೆದಿದ್ದರು.

"ಹುಡುಗ್ರು ಕೋಡ್ ಬರೀತಾರೆ ಮೇಡಂ. ಏನು ಮಾಡಿದ್ವಿ, ಯಾಕೆ ಮಾಡಿದ್ವಿ ಅಂತ ಬರೆದಿಡೋರು ಯಾರೂ ಇಲ್ಲ. ನೀವು ಬನ್ನಿ. ಆರು ತಿಂಗಳು ನೋಡೋಣ. ಸರ್ಟಿಫಿಕೇಟ್ ಬಂದ್ರೆ ನಿಮ್ಮ ಕೆಲಸ ಖಾಯಂ" ಎಂದರು.

"ಬರದಿದ್ದರೆ?"

"ಬರದಿದ್ರೆ ನೀವೂ ಇಲ್ಲ, ನಾನೂ ಇಲ್ಲ."

ಈ ಆರು ತಿಂಗಳ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ. ವಾಪಸು ಹೋಗುವ ಬಾಗಿಲನ್ನು ನಾನೇ ಹಾಕಿಕೊಂಡು ಬಂದಿದ್ದೆ, ಅದೂ ಸ್ವಲ್ಪ ಜೋರಾಗಿ.

ಸ್ಥಿತಿ ಮತ್ತು ನಡತೆ

ಮಾಲೀಕರು ಮೊದಲು ನನ್ನನ್ನು ಬಿಟಿಎಂ ಲೇಔಟಿನಲ್ಲಿ ಶನಿವಾರ, ಭಾನುವಾರ ನಡೆಯುವ ಸಾಫ್ಟ್‌ವೇರ್ ಎಂಜಿನಿಯರಿಂಗ್ ಕೋರ್ಸಿಗೆ ಸೇರಿಸಿದರು. ಕ್ಲಾಸಿನಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. ಪಾಠ ಹೇಳುವವರಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಮೊದಲ ದಿನ ನಾನು ಒಳಗೆ ಕಾಲಿಟ್ಟ ಕೂಡಲೇ ಇಡೀ ಕ್ಲಾಸು ಎದ್ದು ನಿಂತಿತು. ಮೇಷ್ಟ್ರು ತಮ್ಮ ಕೈಯಲ್ಲಿದ್ದ ಚಾಕ್‌ಪೀಸನ್ನು ನನ್ನ ಕಡೆ ಚಾಚಿದರು. ನಾನು ಕಲಿಯಲು ಬಂದವಳು ಎಂದು ವಿವರಿಸಿ ಮುಂದಿನ ಬೆಂಚಿನಲ್ಲಿ ಕೂತೆ.

"ನಮ್ಮ ದೃಷ್ಟಿಯಲ್ಲಿ ಪ್ರಪಂಚದಲ್ಲಿರೋದೆಲ್ಲ ಆಬ್ಜೆಕ್ಟು. ಪ್ರತಿ ಆಬ್ಜೆಕ್ಟಿಗೂ ಎರಡಿರುತ್ತೆ. ಒಂದು ಅದರ ಸ್ಥಿತಿ, ಇನ್ನೊಂದು ಅದರ ನಡತೆ. ಯಾರಾದ್ರೂ ಉದಾಹರಣೆ ಕೊಡಿ" ಎಂದರು ಮೇಷ್ಟ್ರು.

ಒಬ್ಬ ಕಾರು ಎಂದ. ಇನ್ನೊಬ್ಬ ಫ್ಯಾನು ಎಂದ. ನನಗೆ ಈ ಎರಡು ಅಂಕಣಗಳು ಹೊಸದಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಪ್ರೋಗ್ರೆಸ್ ರಿಪೋರ್ಟಿನಲ್ಲಿ ಅವನ್ನೇ ತುಂಬಿದ್ದೆ. ಎದ್ದು ನಿಂತೆ.

"ಕೊನೆಯ ಬೆಂಚಿನ ಹಸಿರು ಅಂಗಿ. ಸ್ಥಿತಿ, ನಿದ್ರೆ. ನಡತೆ, ತೃಪ್ತಿಕರವಲ್ಲ."

ಹಸಿರು ಅಂಗಿಯವನು ಬೆಚ್ಚಿ ಎದ್ದು, "ಪ್ರೆಸೆಂಟ್ ಮಿಸ್" ಎಂದ.

ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರು. "ಕರೆಕ್ಟ್. ಮೆಸೇಜು ಕಳಿಸಿದ್ರೆ ಆಬ್ಜೆಕ್ಟಿನ ಸ್ಥಿತಿ ಬದಲಾಗುತ್ತೆ ಅಂತ ನಾನು ನಾಳೆ ಹೇಳೋನಿದ್ದೆ. ಮೇಡಂ ಇವತ್ತೇ ಮಾಡಿ ತೋರಿಸಿದ್ರು."

ತಂದೆಗೆ ತಿಳಿಯದಂತೆ

ಎರಡನೇ ವಾರ ಇನ್‌ಹೆರಿಟೆನ್ಸ್, ಅಂದರೆ ವಂಶಪಾರಂಪರ್ಯ. ಒಂದೇ ಬಗೆಯ ಆಬ್ಜೆಕ್ಟುಗಳದ್ದು ಒಂದು ಮೂಲ ವರ್ಗ, ಅದರಿಂದ ಹುಟ್ಟಿದ ಮರಿ ವರ್ಗ. ತಂದೆಗೆ ಬರುವುದೆಲ್ಲ ಮಗುವಿಗೆ ತಾನಾಗಿ ಬರುತ್ತದೆ. ಇಲ್ಲಿಯವರೆಗೆ ನನ್ನ ಒಪ್ಪಿಗೆ ಇತ್ತು.

"ಆದ್ರೆ ಮಗುವಿಗೆ ಇಷ್ಟವಾಗದಿದ್ರೆ, ತಂದೆ ಮಾಡೋ ಕೆಲಸವನ್ನೇ ಅದು ತನಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದು" ಎಂದರು ಮೇಷ್ಟ್ರು.

"ತಂದೆಯ ಒಪ್ಪಿಗೆ ಕೇಳಿ ತಾನೆ?"

"ಇಲ್ಲ ಮೇಡಂ. ತಂದೆಗೆ ಗೊತ್ತೇ ಆಗೋದಿಲ್ಲ."

"ಇದು ಸಿದ್ಧಾಂತವಲ್ಲ. ಇದು ಜೆಪಿ ನಗರ" ಎಂದೆ. ಅಲ್ಲಿ ನನ್ನ ಅಣ್ಣನ ಮನೆಯಿದೆ. ಎಂಜಿನಿಯರಿಂಗ್ ಓದಲು ಕಳಿಸಿದ ಮಗ ಎರಡು ವರ್ಷದಿಂದ ಡ್ರಮ್ಸ್ ಬಾರಿಸುತ್ತಿದ್ದಾನೆ.

ಮೇಷ್ಟ್ರು ಸೌಜನ್ಯದಿಂದ ಮುಂದುವರಿದರು. ಒಂದು ವರ್ಗಕ್ಕೆ ಇಬ್ಬರು ಹಿರಿಯರಿದ್ದು, ಒಂದೇ ಕೆಲಸವನ್ನು ಒಬ್ಬರು ಒಂದು ತರಹ, ಇನ್ನೊಬ್ಬರು ಇನ್ನೊಂದು ತರಹ ಮಾಡುತ್ತಿದ್ದರೆ ಮಗು ಯಾರನ್ನು ಅನುಸರಿಸಬೇಕು? ಇದು ದೊಡ್ಡ ಸಮಸ್ಯೆ, ಇದಕ್ಕೆ ಹೆದರಿ ಕೆಲವು ಭಾಷೆಗಳಲ್ಲಿ ಇಬ್ಬರು ಹಿರಿಯರನ್ನು ಇಟ್ಟುಕೊಳ್ಳಲು ಬಿಡುವುದೇ ಇಲ್ಲ ಎಂದರು.

"ಅನುಸರಿಸಬೇಕಾದದ್ದು ತಾಯಿಯನ್ನು" ಎಂದೆ.

"ಹಾಗೆ ತಾನಾಗಿ ಆಗಲ್ಲ ಮೇಡಂ. ಯಾರ ಮಾತು ಅಂತ ಮೊದಲೇ ಸ್ಪಷ್ಟವಾಗಿ ಹೇಳಿರಬೇಕು."

"ನಮ್ಮ ಮನೆಯಲ್ಲಿ ಹೇಳಿದೆ."

ಕಡ್ಡಿ ಮನುಷ್ಯರು

ಆಗ ನಮ್ಮ ಕಂಪನಿ ಕತ್ರಿಗುಪ್ಪೆಯ ಒಂದು ಕಲ್ಯಾಣ ಮಂಟಪಕ್ಕೆ ಬುಕಿಂಗ್ ಮಾಡುವ ಸಾಫ್ಟ್‌ವೇರ್ ತಯಾರಿಸುತ್ತಿತ್ತು. ಇಂಥದ್ದನ್ನು ಕಟ್ಟುವ ಮೊದಲು ಯಾರು ಯಾರು ಅದನ್ನು ಬಳಸುತ್ತಾರೆ, ಏನೇನು ಮಾಡುತ್ತಾರೆ ಎಂದು ಚಿತ್ರ ಬರೆಯಬೇಕು. ಬಳಸುವವರನ್ನು ಕಡ್ಡಿಯಂಥ ಗೊಂಬೆಯಾಗಿ ಬರೆಯುವುದು ಪದ್ಧತಿ. ತಲೆಗೊಂದು ಸೊನ್ನೆ, ಮೈಗೊಂದು ಗೆರೆ, ಕೈಕಾಲಿಗೆ ನಾಲ್ಕು ಗೆರೆ.

ನನಗದು ಸಭ್ಯವಾಗಿ ಕಾಣಲಿಲ್ಲ. ಹುಡುಗಿಯ ತಾಯಿಯನ್ನು ಆ ಸ್ಥಿತಿಯಲ್ಲಿ ಗಿರಾಕಿಯ ಮುಂದೆ ಇಡುವುದು ಹೇಗೆ? ಒಂದು ಸಂಜೆ ಕೂತು ಆಕೆಗೆ ನೆರಿಗೆ ಹಾಕಿ, ಸೆರಗು ಹೊದಿಸಿ, ತುರುಬು ಕಟ್ಟಿದೆ. ಪುರೋಹಿತರಿಗೆ ಶಲ್ಯ ಕೊಟ್ಟೆ. ಅಡುಗೆ ಕಂಟ್ರಾಕ್ಟರಿಗೆ ಹೊಟ್ಟೆ ಕೊಟ್ಟೆ. ಅಷ್ಟರಲ್ಲಿ ಮನೆಗೆ ಹೋಗುವ ಬಸ್ಸಿನ ಸಮಯವಾಯಿತು. ಹುಡುಗಿಯ ತಂದೆ ಹಾಗೇ ಉಳಿದರು.

ಮಾರನೆಯ ದಿನ ನಮ್ಮ ಪ್ರೋಗ್ರಾಮರ್ ಆ ಹಾಳೆಯನ್ನೇ ಮಂಟಪಕ್ಕೆ ಒಯ್ದುಬಿಟ್ಟ. ಇವನು ಧಾರವಾಡದವನು, ಬಿಟಿಎಂನಲ್ಲಿ ಬಾಡಿಗೆಗೆ ಇದ್ದ. ಕೆಲಸದಲ್ಲಿ ಜಾಣ, ಅಂಗಿಯನ್ನು ಪ್ಯಾಂಟಿನ ಒಳಗೆ ಸೇರಿಸುವುದರಲ್ಲಿ ಅಲ್ಲ. ನಾನು ಚಿತ್ರ ಮುಗಿದಿಲ್ಲ ಎಂದು ಹೇಳಲು ಅವನ ಹಿಂದೆಯೇ ಹೋದೆ. ಅಷ್ಟರಲ್ಲಿ ಮಂಟಪದ ಮ್ಯಾನೇಜರು ಹಾಳೆಯನ್ನು ದೂರ ಹಿಡಿದು ನೋಡುತ್ತಿದ್ದರು. ಅರವತ್ತರ ಹತ್ತಿರದವರು, ಸಾವಿರಾರು ಮದುವೆ ಕಂಡವರು.

"ಇವರು ಹುಡುಗಿ ತಾಯಿ. ಇವರು ಪುರೋಹಿತರು. ಇವನು ಅಡುಗೆಯವನು. ಸರಿಯಾಗಿದೆ. ಇಷ್ಟು ದಿನಕ್ಕೆ ನೀವು ಮಾಡ್ತಿರೋದು ಏನು ಅಂತ ಈಗ ಅರ್ಥ ಆಯ್ತು. ಇದ್ಯಾರು, ಬರೀ ಮೂಳೆ?"

"ಹುಡುಗಿಯ ತಂದೆ. ಕ್ಷಮಿಸಿ, ಅದು ಪೂರ್ತಿಯಾಗಿಲ್ಲ" ಎಂದೆ.

"ಪೂರ್ತಿ ಆಗಿದೆ ಮೇಡಂ. ಮದುವೆ ಮುಗಿದ ಮೇಲೆ ಇಷ್ಟೇ ಉಳಿಯೋದು."

ಹುಡುಗಿಯ ಹೆಸರು ಕಡ್ಡಾಯ

ಇದೇ ಸಾಫ್ಟ್‌ವೇರನ್ನು ನಮ್ಮ ಟೆಸ್ಟರ್ ಮೂರು ವಾರ ಪರೀಕ್ಷಿಸಿದಳು. ಟೆಸ್ಟರ್ ಎಂದರೆ ಪ್ರೋಗ್ರಾಮರ್ ಬರೆದದ್ದರಲ್ಲಿ ತಪ್ಪು ಹುಡುಕುವವಳು. ಬನಶಂಕರಿಯ ಹುಡುಗಿ, ಚುರುಕು. ಏನು ಹಾಕಿದರೆ ಕೆಡುತ್ತದೆ ಎಂದು ಎಲ್ಲವನ್ನೂ ಹಾಕಿ ನೋಡಿದಳು. ಯಾವುದನ್ನೂ ಹಾಕದಿದ್ದರೆ ಏನಾಗುತ್ತದೆ ಎಂದೂ ನೋಡಿದಳು. ಹುಡುಗ, ಹುಡುಗಿ, ವಿಳಾಸ ಯಾವುದನ್ನು ಖಾಲಿ ಬಿಟ್ಟರೂ ಅದು ಮುಂದಕ್ಕೆ ಬಿಡುತ್ತಿರಲಿಲ್ಲ. ನನಗೆ ಮೆಚ್ಚುಗೆಯಾಯಿತು. ಖಾಲಿ ಬಿಟ್ಟ ಉತ್ತರ ಪತ್ರಿಕೆಯನ್ನು ನಾನೂ ಒಪ್ಪಿದವಳಲ್ಲ.

ಮಂಟಪದಲ್ಲಿ ಅದನ್ನು ಇಟ್ಟು ಒಂದು ತಿಂಗಳಾಗಿರಬಹುದು. ಮ್ಯಾನೇಜರು ನಮ್ಮ ಮಹಡಿ ಹತ್ತಿ ಬಂದರು. ಕೈಯಲ್ಲಿ ಮೂರು ಲಕೋಟೆ. ಮುಖ ಬಾಡಿತ್ತು.

ವಿಷಯ ಇಷ್ಟು. ಲಗ್ನದ ತಿಂಗಳುಗಳಲ್ಲಿ ಮಂಟಪ ಸಿಗುವುದು ಕಷ್ಟ. ಆದ್ದರಿಂದ ನಮ್ಮ ಕಡೆ ಬುದ್ಧಿವಂತ ತಂದೆಯರು ಮೊದಲು ಮಂಟಪ ಹಿಡಿದು, ಆಮೇಲೆ ಹುಡುಗಿ ಹುಡುಕುತ್ತಾರೆ. ಆ ವಾರ ಅಂಥ ಮೂವರು ಬಂದಿದ್ದರು. "ಹುಡುಗಿ ಸಿಗ್ತಾಳೆ ಸ್ವಾಮಿ, ಮಂಟಪ ಸಿಗಲ್ಲ, ಮೊದಲು ಬರ್ಕೊಳ್ಳಿ" ಎಂದಿದ್ದರು. ಸಾಫ್ಟ್‌ವೇರ್ ಬರೆದುಕೊಳ್ಳಲಿಲ್ಲ. ಹುಡುಗಿಯ ಹೆಸರು ಮತ್ತು ವಿಳಾಸ ಹಾಕಿ ಎಂದು ಹಟ ಹಿಡಿಯಿತು. ಮ್ಯಾನೇಜರು ಯೋಚಿಸಿ, ತಮಗೆ ತಕ್ಷಣ ನೆನಪಿಗೆ ಬಂದ ಹೆಂಗಸಿನ ಹೆಸರನ್ನೂ ವಿಳಾಸವನ್ನೂ ಮೂರಕ್ಕೂ ಹಾಕಿದರು. ಅದು ಅವರ ಹೆಂಡತಿಯದು.

ಬುಕಿಂಗ್ ಆದ ಕೂಡಲೇ ಹುಡುಗಿಯ ಮನೆಗೆ ಹೋಗಬೇಕಾದ ಶುಭಾಶಯ ಪತ್ರವನ್ನು ನಮ್ಮ ಸಾಫ್ಟ್‌ವೇರ್ ತಾನೇ ಅಚ್ಚು ಹಾಕುತ್ತಿತ್ತು. ಅದನ್ನು ಸೇರಿಸಿದ್ದು ನಾನೇ. ಸೌಜನ್ಯ ಇರಲಿ ಎಂದು. ಹೀಗೆ ಮ್ಯಾನೇಜರ ಮನೆಗೆ ಒಂದೇ ಟಪಾಲಿನಲ್ಲಿ ಮೂರು ಪತ್ರ ಬಂದವು. ಮುಂದಿನ ವೈಶಾಖದಲ್ಲಿ ಅವರ ಧರ್ಮಪತ್ನಿಗೆ ಮೂವರು ಬೇರೆ ಬೇರೆ ವರರೊಡನೆ ಶುಭವಿವಾಹ, ಮಂಟಪದ ಹಾರ್ದಿಕ ಅಭಿನಂದನೆಗಳು.

"ಬದಲಾವಣೆ ಬೇಕಿದ್ದರೆ ಈ ಫಾರಂ ತುಂಬಿ" ಎಂದೆ. ಪ್ರಕ್ರಿಯೆ ಎಂದರೆ ಪ್ರಕ್ರಿಯೆ. ಅವರು ಕೂತು ತುಂಬಿದರು. ಬೇಕಾದ ಬದಲಾವಣೆ: ಹುಡುಗಿ ಹೆಸರು ಆಮೇಲೆ ಹಾಕುವಂತಿರಬೇಕು. ತುರ್ತು: ಬಹಳ. ತುರ್ತಿಗೆ ಕಾರಣ: ಮನೆಯಲ್ಲಿ ಊಟ ಹಾಕುತ್ತಿಲ್ಲ.

ಕೋಡನ್ನು ಟೀಕಿಸಿ, ಬರೆದವರನ್ನಲ್ಲ

ಕೋರ್ಸಿನಲ್ಲಿ ಕಲಿತ ಒಂದು ಪಾಠ ನನಗೆ ಕಷ್ಟವಾಯಿತು. ಒಬ್ಬರು ಬರೆದ ಕೋಡನ್ನು ಉಳಿದವರು ಕೂತು ಪರಿಶೀಲಿಸುವಾಗ ತಪ್ಪನ್ನು ಕೋಡಿನ ಮೇಲೆ ಹೇಳಬೇಕು, ಬರೆದವನ ಮೇಲೆ ಹೇಳಬಾರದು. ನೀನು ಹೀಗೇಕೆ ಮಾಡಿದೆ ಎನ್ನಬಾರದು, ಕೋಡು ಹೀಗೇಕೆ ಇದೆ ಎನ್ನಬೇಕು. ಈ ನಿಯಮವನ್ನು ನಾನೇ ಬರೆದು ಗೋಡೆಗೆ ಅಂಟಿಸಿದ್ದೆ. ಆದ್ದರಿಂದ ಮುರಿಯುವಂತಿರಲಿಲ್ಲ.

ಒಂದು ಸೋಮವಾರ ಒಂಬತ್ತೂವರೆಗೆ ಪರಿಶೀಲನೆ. ಎಲ್ಲರೂ ಕೂತಿದ್ದೇವೆ. ಕೋಡು ಬರೆದ ಧಾರವಾಡದ ಪ್ರೋಗ್ರಾಮರ್ ಹತ್ತೂಕಾಲಿಗೆ ಬಂದ. ನಾನು ಗೋಡೆಯನ್ನೊಮ್ಮೆ ನೋಡಿ, ಉಸಿರೆಳೆದುಕೊಂಡು ಹೇಳಿದೆ.

"ಈ ಕೋಡು ನಲವತ್ತೈದು ನಿಮಿಷ ತಡವಾಗಿ ಬಂದಿದೆ. ಈ ಕೋಡು ತಲೆ ಬಾಚಿಲ್ಲ. ಈ ಕೋಡಿನ ಅಂಗಿ ಇವತ್ತೂ ಹೊರಗಿದೆ."

ಅವನೂ ಗೋಡೆಯನ್ನು ನೋಡಿದ. ಕೈ ಕಟ್ಟಿಕೊಂಡು ನಿಂತ.

"ಕೋಡಿನ ತಪ್ಪೇನಿಲ್ರಿ ಮೇಡಂ. ಅದಕ್ಕ ಬಸ್ ಸಿಗಲಿಲ್ರಿ."

ಮೂರನೇ ಸಾಲು

ಸರ್ಟಿಫಿಕೇಟ್ ಕೊಡುವ ಮೊದಲು ಆಡಿಟರ್ ಒಬ್ಬರು ಎರಡು ದಿನ ಬಂದು ಕೂತು ಎಲ್ಲವನ್ನೂ ನೋಡುತ್ತಾರೆ, ಯಾರನ್ನು ಬೇಕಾದರೂ ನಿಲ್ಲಿಸಿ ಕಂಪನಿಯ ಗುಣಮಟ್ಟದ ನೀತಿ ಏನು ಎಂದು ಕೇಳುತ್ತಾರೆ ಎಂದು ಮಾಲೀಕರು ಹೇಳಿದರು. ನೀತಿಗೆ ನಾಲ್ಕು ಸಾಲು. ಹುಡುಗರಲ್ಲಿ ಒಬ್ಬನಿಗೂ ಒಂದೂವರೆ ಸಾಲಿನ ಮೇಲೆ ಬರುತ್ತಿರಲಿಲ್ಲ.

ಮಕ್ಕಳಿಗೆ ಕಲಿಸುವ ದಾರಿ ನನಗೆ ಗೊತ್ತಿತ್ತು. ಪ್ರತಿದಿನ ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ಒಟ್ಟಿಗೆ ಹೇಳಿಸತೊಡಗಿದೆ. ಮಾಲೀಕರು ಕುಳ್ಳರು, ಮೊದಲಿಗೆ ನಿಲ್ಲುತ್ತಿದ್ದರು.

ಮೂರನೇ ವಾರದಲ್ಲಿ ಕೆಳಗಿನ ಮಿಕ್ಸಿ ರಿಪೇರಿಯವರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಸ್ಕ್ರೂ ಡ್ರೈವರು ಹಾಗೇ ಇತ್ತು. ಗದ್ದಲದ ಬಗ್ಗೆ ದೂರು ಹೇಳಲು ಬಂದಿರಬೇಕೆಂದು ನಾನೇ ಮೊದಲು ಕ್ಷಮೆ ಕೇಳಿದೆ.

"ಗಲಾಟೆ ಏನಿಲ್ಲ ಮೇಡಂ, ನಮ್ದೇ ಜಾಸ್ತಿ. ನಿಮ್ ಹುಡುಗ್ರು ಎರಡು ದಿನದಿಂದ ಮೂರನೇ ಸಾಲು ನುಂಗ್ತಿದ್ದಾರೆ. ಹೇಳೋಣ ಅಂತ ಬಂದೆ."

ಬೈಂಡ್ ಹಾಕಿದ ಪುಸ್ತಕ

ಇನ್ನು ಆ ಎರಡು ದಿನ.

ಗುಣಮಟ್ಟಕ್ಕೆ ಮುಖ್ಯವಾದದ್ದು ದೋಷಗಳ ಪುಸ್ತಕ. ಸಾಫ್ಟ್‌ವೇರಿನಲ್ಲಿ ಸಿಕ್ಕ ಪ್ರತಿಯೊಂದು ತಪ್ಪನ್ನೂ ಅದರಲ್ಲಿ ಬರೆಯಬೇಕು. ಯಾರಿಗೆ ಕಂಡಿತು, ಮೂಲ ಕಾರಣವೇನು, ಹೇಗೆ ಸರಿಪಡಿಸಿದರು, ಸರಿಯಾಯಿತೆಂದು ಬೇರೆ ಯಾರು ಪರಿಶೀಲಿಸಿದರು. ಮಾಡಿದವರೇ ಪರಿಶೀಲಿಸುವಂತಿಲ್ಲ. ನಾನು ಕೆಲಸಕ್ಕೆ ಸೇರಿದ ವಾರವೇ ಒಂದು ದಪ್ಪ ಪುಸ್ತಕ ತಂದು, ಕಂದು ಹಾಳೆಯ ಬೈಂಡ್ ಹಾಕಿ, ಲೇಬಲ್ ಅಂಟಿಸಿ, ಎಲ್ಲರಿಗೂ ತೋರಿಸಿದ್ದೆ.

"ಇದರಲ್ಲಿ ಯಾರ ಹೆಸರೂ ಬರದಂತೆ ನೋಡಿಕೊಳ್ಳಿ" ಎಂದೂ ಹೇಳಿದ್ದೆ. ನಮ್ಮ ಶಾಲೆಯಲ್ಲಿ ರಿಮಾರ್ಕ್ ಪುಸ್ತಕ ತೋರಿಸಿ ಹಾಗೆಯೇ ಹೇಳುವುದು ವಾಡಿಕೆ. ಮೊದಲ ತಪ್ಪಿಗೆ ಬಾಯಿಮಾತಿನ ಎಚ್ಚರಿಕೆ, ಎರಡನೆಯದಕ್ಕೆ ರಿಮಾರ್ಕ್. ನನ್ನ ಕಣ್ಣಿಗೆ ಬಿದ್ದ ತಪ್ಪನ್ನು ಕರೆದು ಹೇಳುತ್ತಿದ್ದೆ. ಸಂಜೆಯೊಳಗೆ ಸರಿಯಾಗುತ್ತಿತ್ತು. ಆರು ತಿಂಗಳ ಕೊನೆಯಲ್ಲಿ ಆ ಪುಸ್ತಕದಲ್ಲಿ ಒಂದು ಅಕ್ಷರವೂ ಇರಲಿಲ್ಲ. ನನಗೆ ಬಹಳ ಹೆಮ್ಮೆಯಾಗಿತ್ತು.

ಆಡಿಟರ್ ಮಲ್ಲೇಶ್ವರದ ಕಡೆಯವರು. ಐವತ್ತರ ಸುಮಾರು, ಮೆದು ಮಾತು, ದಪ್ಪ ಕನ್ನಡಕ. ಒಂಬತ್ತು ಗಂಟೆಗೆ ಬರಬೇಕಿತ್ತು. ಒಂಬತ್ತು ಇಪ್ಪತ್ತೈದಕ್ಕೆ ಬಂದರು. ಕೂತವರೇ ಧಾರವಾಡದವನನ್ನು ಎಬ್ಬಿಸಿ ಗುಣಮಟ್ಟದ ನೀತಿ ಕೇಳಿದರು. ಅವನು ಎರಡು ಸಾಲು ಹೇಳಿ ನಿಂತ. ಕಿಟಕಿಯ ಕೆಳಗಿನಿಂದ ಮಿಕ್ಸಿಯ ಸದ್ದು ನಿಂತಿತು, ಮೂರನೇ ಸಾಲು ಸ್ಪಷ್ಟವಾಗಿ ಮೇಲೆ ಬಂತು. ಆಡಿಟರ್ ಕಿಟಕಿಯಿಂದ ಬಗ್ಗಿ ನೋಡಿ, "ನೆಲಮಹಡಿಯಲ್ಲೂ ಅರಿವು ಇದೆ" ಎಂದು ಬರೆದುಕೊಂಡರು. ಮಾಲೀಕರು ನನ್ನತ್ತ ನೋಡಿ ತಲೆಯಾಡಿಸಿದರು. ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿ ನಡೆಯಿತು.

ಆಮೇಲೆ ದೋಷಗಳ ಪುಸ್ತಕ ಕೇಳಿದರು. ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವರು ಮೊದಲ ಪುಟ ತೆಗೆದರು. ಎರಡನೆಯದು. ಮಧ್ಯದ್ದು. ಕೊನೆಯದು. ತಿರುಗಿಸಿ ಹಿಂದಿನಿಂದಲೂ ನೋಡಿದರು.

"ಇದು ಹೊಸ ಪುಸ್ತಕ ಇರಬೇಕು. ಹಳೇದು ಕೊಡಿ."

"ಇದೇ. ಆರು ತಿಂಗಳದ್ದು."

"ಒಂದೂ ದೋಷ ಇಲ್ವಾ?"

"ಒಂದೂ ಇಲ್ಲ" ಎಂದೆ.

ಅವರು ಕನ್ನಡಕ ತೆಗೆದರು. "ಮೇಡಂ, ಮೂವತ್ತು ಜನರ ಕಂಪನಿಗಳನ್ನೂ ನೋಡಿದೀನಿ, ಮುನ್ನೂರು ಜನರವೂ ನೋಡಿದೀನಿ. ದೋಷ ಇಲ್ಲದ ಸಾಫ್ಟ್‌ವೇರ್ ಎಲ್ಲೂ ಇಲ್ಲ. ಪುಸ್ತಕ ಖಾಲಿ ಇದ್ರೆ ಎರಡೇ ಅರ್ಥ. ನೀವು ಪರೀಕ್ಷೆನೇ ಮಾಡ್ತಿಲ್ಲ, ಇಲ್ಲ ಸಿಕ್ಕಿದ್ದನ್ನ ಮುಚ್ಚಿಡ್ತಿದೀರಿ. ಯಾವುದಾದ್ರೂ ನಾನು ಸರ್ಟಿಫಿಕೇಟಿಗೆ ಶಿಫಾರಸು ಮಾಡೋಕಾಗಲ್ಲ."

ಟೆಸ್ಟರ್ ಹುಡುಗಿ ಮೆಲ್ಲಗೆ ಎದ್ದು ನಿಂತಳು. "ಸಾರ್, ನಾನು ಪರೀಕ್ಷೆ ಮಾಡ್ತೀನಿ. ತಪ್ಪೂ ಸಿಗತ್ತೆ. ಮೇಡಂ ಪುಸ್ತಕದಲ್ಲಿ ಬರೆದ್ರೆ ಪಾಪ ಈ ಹುಡುಗ್ರ ಹೆಸರು ಕೆಡತ್ತೆ ಅಂತ ಕಾಫಿಗೆ ಹೋದಾಗ ಬಾಯಲ್ಲೇ ಹೇಳಿಬಿಡ್ತಿದ್ದೆ. ಒಂದು ತಪ್ಪಿಗೆ ಒಂದು ಬೈಟು ಕಾಫಿ ಕೊಡಿಸ್ತಿದ್ರು."

"ಎಷ್ಟು ಕಾಫಿ ಕುಡಿದಿರಬಹುದಮ್ಮಾ?" ಎಂದು ಆಡಿಟರ್ ಕೇಳಿದರು.

"ಈಗ ರಾತ್ರಿ ನಿದ್ದೆನೇ ಬರಲ್ಲ ಸಾರ್."

ಮಾಲೀಕರು ಕುರ್ಚಿಯಲ್ಲಿ ಕುಸಿದರು. ಆರು ತಿಂಗಳು ನಾನು ಒರೆಸಿ ಜೋಡಿಸಿ ಇಟ್ಟ ಕಪಾಟು, ಫೈಲು, ಫಾರಂ ಎಲ್ಲ ನನ್ನನ್ನೇ ನೋಡುತ್ತಿರುವಂತೆ ಅನ್ನಿಸಿತು. ಸ್ಟಾಫ್ ರೂಮಿನ ಮುಖಗಳೂ ಕಂಡವು. ಆ ಪುಸ್ತಕ ಖಾಲಿ ಉಳಿದದ್ದು ಹುಡುಗರಿಂದಲ್ಲ, ನನ್ನಿಂದ. ದೋಷ ಹಿಡಿಯುವ ಪುಸ್ತಕವನ್ನು ನಾನು ದೋಷಿಗಳನ್ನು ಹಿಡಿಯುವ ಪುಸ್ತಕ ಮಾಡಿದ್ದೆ.

ಆಗ ಧಾರವಾಡದವನು ಕೈ ಎತ್ತಿದ. "ಸರ್, ಮೇಡಂ ಹತ್ರ ಇನ್ನೊಂದು ಪುಸ್ತಕ ಐತ್ರಿ."

"ಅದು ಖಾಸಗಿ" ಎಂದೆ.

"ಚೀಲದಾಗ ಐತ್ರಿ. ನಮ್ಮ ಮುಖ ನೋಡಿ ನೋಡಿ ಬರಿತಾರ್ರಿ. ನಮಗ ಅದನ್ನ ಕಂಡ್ರನ ಅಂಜಿಕಿ."

ನಿಜ. ಟೀಚರ್ ಆಗಿದ್ದಾಗಿನಿಂದ ಬಂದ ಅಭ್ಯಾಸ. ದಿನವೂ ಕಂಡದ್ದನ್ನು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ, ಯಾರಿಗೂ ತೋರಿಸುವುದಿಲ್ಲ. ಆಡಿಟರ್ ಕೈ ಚಾಚಿದರು. ಮಾಲೀಕರು ನನ್ನ ಮುಖ ನೋಡಿದರು. ಕೊಟ್ಟೆ.

ಅವರು ಗಟ್ಟಿಯಾಗಿ ಓದತೊಡಗಿದರು.

"ಸೋಮವಾರ. ಮಂಟಪದ ಸಾಫ್ಟ್‌ವೇರ್ ಏಪ್ರಿಲ್ ಮೂವತ್ತೊಂದಕ್ಕೆ ಮದುವೆ ಒಪ್ಪಿಕೊಂಡಿತು. ಕಂಡದ್ದು ನನಗೆ, ಹನ್ನೊಂದು ನಲವತ್ತಕ್ಕೆ. ಮೂಲ ಕಾರಣ, ಬರೆಯುವಾಗ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದದ್ದು. ಸರಿಪಡಿಸಿದ್ದು ನಾಲ್ಕು ಹತ್ತಕ್ಕೆ. ಫೆಬ್ರವರಿ ಮೂವತ್ತನ್ನೂ ಹಾಕಿ ಪರಿಶೀಲಿಸಿದೆ. ಸರಿಯಿದೆ. ಅಂಗಿ ಹೊರಗೆ."

ಪುಟ ತಿರುಗಿಸಿದರು. "ಗುರುವಾರ. ಒಂದೇ ಮುಹೂರ್ತಕ್ಕೆ ಒಂದೇ ಮಂಟಪವನ್ನು ಎರಡು ಮದುವೆಗೆ ಕೊಟ್ಟಿತು. ಮೂಲ ಕಾರಣ, ಬರೆದವನಿಗೆ ಇನ್ನೂ ಮದುವೆಯಾಗಿಲ್ಲ, ಗಾಂಭೀರ್ಯ ತಿಳಿಯದು. ಕೋಡನ್ನು ಸರಿಪಡಿಸಲಾಗಿದೆ. ಮೂಲ ಕಾರಣ ಹಾಗೇ ಇದೆ."

ಹೀಗೆ ಇಡೀ ನೋಟ್‌ಬುಕ್ಕು. ಒಂದು ದಿನವೂ ಬಿಟ್ಟಿರಲಿಲ್ಲ. ಆಡಿಟರ್ ಓದುತ್ತಾ ಓದುತ್ತಾ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದರು. ಅವರ ಭುಜ ಕುಲುಕುತ್ತಿತ್ತು. "ಇಷ್ಟು ಪ್ರಾಮಾಣಿಕವಾದ ಮೂಲ ಕಾರಣಗಳನ್ನ ನನ್ನ ಸರ್ವೀಸಲ್ಲಿ ನೋಡಿಲ್ಲ" ಎಂದರು. ಕೊನೆಯ ಪುಟಕ್ಕೆ ಬಂದಾಗ ಭುಜ ನಿಂತಿತು.

ನನಗೆ ಆಗ ನೆನಪಾಯಿತು. ತಡೆಯುವಷ್ಟರಲ್ಲಿ ಅವರು ಓದಿಬಿಟ್ಟಿದ್ದರು.

"ಇಂದು. ಆಡಿಟರ್ ಇಪ್ಪತ್ತೈದು ನಿಮಿಷ ತಡ. ಮೂಲ ಕಾರಣ," ಎಂದು ನಿಲ್ಲಿಸಿ ನನ್ನನ್ನು ನೋಡಿದರು. "ಇದು ಖಾಲಿ ಇದೆ."

"ನೀವು ಹೇಳಲಿಲ್ಲ" ಎಂದೆ. ಹೇಗಿದ್ದರೂ ಕೆಲಸ ಹೋಗಿದೆ, ಇನ್ನು ಹೆದರಿಕೆ ಯಾಕೆ?

ಅವರು ಪೆನ್ನು ತೆಗೆದು "ಟ್ರಾಫಿಕ್" ಎಂದು ಬರೆದರು. ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ಕೇಳಲಿಲ್ಲ. ನನ್ನ ಕೆಂಪು ಪೆನ್ನಿನಿಂದ ಅದನ್ನು ಹೊಡೆದೆ. "ಇದು ನೆಪ. ಮೂಲ ಕಾರಣವಲ್ಲ. ಪುನಃ ಬರೆಯಿರಿ."

ಮಾಲೀಕರು ಕಣ್ಣು ಮುಚ್ಚಿಕೊಂಡರು. ಆಡಿಟರ್ "ಎರಡನೇ ಸಲ ಕಾಫಿ ಕುಡಿಯುತ್ತಾ ಕೂತೆ" ಎಂದು ಬರೆದು ಸಹಿ ಹಾಕಿದರು. "ಪರಿಹಾರ" ಎಂಬಲ್ಲಿ "ನಾಳೆ ಒಂಬತ್ತಕ್ಕೆ ಮುಂಚೆ ಬರುತ್ತೇನೆ" ಎಂದೂ ಬರೆದರು. ನೋಟ್‌ಬುಕ್ಕಿನಲ್ಲಿರುವುದನ್ನೆಲ್ಲ ನಾಳೆ ಕಂಪ್ಯೂಟರಿನಲ್ಲಿ ತಾಳೆ ನೋಡಿ, ಆಮೇಲೆ ಶಿಫಾರಸಿನ ವಿಷಯ ಹೇಳುತ್ತೇನೆ ಎಂದು ಹೊರಟರು.

ತಾಳೆಯಾಯಿತು. ಶಿಫಾರಸಾಯಿತು. ಸರ್ಟಿಫಿಕೇಟ್ ಬಂತು, ನನ್ನ ಕೆಲಸ ಖಾಯಂ ಆಯಿತು, ದೋಷಗಳ ಪುಸ್ತಕವನ್ನು ಹುಡುಗರು ಹೆದರದೆ ತುಂಬತೊಡಗಿದರು. ಟೆಸ್ಟರ್ ಕಾಫಿ ಬಿಟ್ಟು ಬಾದಾಮಿ ಹಾಲಿಗೆ ಇಳಿದಳು. ಆದರೆ ಅದೆಲ್ಲ ಆದದ್ದು ಆ ಎರಡನೇ ದಿನ ಬೆಳಿಗ್ಗೆ ಹನ್ನೊಂದರ ನಂತರ. ಅದಕ್ಕೆ ಮುಂಚೆ ನಡೆದದ್ದನ್ನು ಬರೆಯದಿದ್ದರೆ ನಾನೇ ಮುಚ್ಚಿಟ್ಟ ಹಾಗಾಗುತ್ತದೆ.

ಆಫೀಸಿನ ಬೀಗದ ಕೈ ಇರುತ್ತಿದ್ದದ್ದು ನನ್ನ ಹತ್ತಿರ. ಬೇರೆ ಯಾರಿಗೆ ಕೊಟ್ಟರೂ ಕಂಪನಿ ಹತ್ತೂವರೆಗೆ ತೆರೆಯುತ್ತಿತ್ತು. ಆ ದಿನ ನಾನು ಆಟೋದಿಂದ ಇಳಿದಾಗ ಆಡಿಟರ್ ಮೆಟ್ಟಿಲ ಮೇಲೆ ಕರ್ಚೀಫು ಹಾಸಿ ಕೂತಿದ್ದರು. ಮಿಕ್ಸಿ ರಿಪೇರಿಯವರು ಅವರಿಗೆ ಟೀ ತರಿಸಿಕೊಟ್ಟಿದ್ದರು. ಇಬ್ಬರೂ ಎದ್ದು ನಿಂತರು.

"ಸಾರು ಎಂಟು ಐವತ್ತಕ್ಕೇ ಬಂದ್ರು ಮೇಡಂ. ಈಗ ಒಂಬತ್ತು ಹದಿಮೂರು" ಎಂದರು ರಿಪೇರಿಯವರು, ನಾನು ಕೇಳದಿದ್ದರೂ.

ಆಡಿಟರ್ ಕೈ ಚಾಚಿದರು. ನಾನು ಚೀಲದಿಂದ ನೋಟ್‌ಬುಕ್ಕು ತೆಗೆದು, ಅಲ್ಲೇ ಗೋಡೆಗೆ ಒತ್ತಿ ಹಿಡಿದು ಬರೆದೆ. ಹದಿಮೂರು ನಿಮಿಷ ತಡ. ಮೂಲ ಕಾರಣ, ಆಟೋ ಬೇಗ ಸಿಗಲಿಲ್ಲ.

ಅವರು ನನ್ನ ಕೆಂಪು ಪೆನ್ನನ್ನು ಕೇಳಿ ಪಡೆದು, ಬಹಳ ಮರ್ಯಾದೆಯಿಂದ ಅದನ್ನು ಹೊಡೆದು ಹಾಕಿದರು. "ಪುನಃ ಬರೆಯಿರಿ, ಮೇಡಂ."

ಬರೆದೆ. ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ ನಿದ್ದೆ ಬರದೆ, ಬೆಳಗಿನ ಜಾವಕ್ಕೆ ಬಂದು, ಅಲಾರಂ ಆರಿಸಿ ಮತ್ತೆ ಮಲಗಿದೆ. ಪರಿಹಾರ, ಒಂದು ತಿಂಗಳು ದಿನವೂ ಎಂಟು ಐವತ್ತಕ್ಕೆ ಬರುವುದು. ಉಳಿದದ್ದು ಪರಿಶೀಲನೆಯ ಅಂಕಣ. ಮಾಡಿದವರೇ ಪರಿಶೀಲಿಸುವಂತಿಲ್ಲ, ನಿಯಮ ಬರೆದವಳು ನಾನೇ. ಆಡಿಟರ್ ನಾಳೆಯಿಂದ ಬರುವುದಿಲ್ಲ. ಹುಡುಗರು ಯಾರೂ ಒಂಬತ್ತೂವರೆಗೆ ಮುಂಚೆ ಇರುವುದಿಲ್ಲ.

"ನಾನು ಎಂಟೂವರೆಗೇ ಅಂಗಡಿ ತೆಗೀತೀನಲ್ಲ" ಎಂದರು ಮಿಕ್ಸಿ ರಿಪೇರಿಯವರು.

ಆ ನೋಟ್‌ಬುಕ್ಕು ಈಗಲೂ ನನ್ನ ಹತ್ತಿರ ಇದೆ. ಆ ಪುಟದ ಕೆಳಗೆ ಅವರ ಸಹಿ ಇದೆ, ಸ್ವಲ್ಪ ಗ್ರೀಸ್ ಮೆತ್ತಿದೆ. ಪಕ್ಕದಲ್ಲಿ ಅವರದೇ ಅಕ್ಷರದಲ್ಲಿ ಒಂದು ಮಾತು: "ಮೂವತ್ತು ದಿನ ನೋಡಿದ್ದೇನೆ. ಮೇಡಂ ಸರಿಹೋಗಿದ್ದಾರೆ."